ಪಾಳಿ ಒಪ್ಪಿಸುವಾಗ

ಕೂತುಕೋ ಸೀಮುನ್. ಆ ಒದ್ದೆ ಕೋಟನ್ನು ರೇಡಿಯೇಟರಿನ ಮೇಲೆ ಹಾಕು.
ಇವತ್ತು ಬಂದರಿನ ಗಾಳಿಗೆ ಕಡಲಹಕ್ಕಿಗಳೇ ಹಿಮ್ಮುಖ ಹಾರುತ್ತಿವೆ.
ಈ ಕೋಣೆಗೆ ಕಿಟಕಿಯಿಲ್ಲ. ಆಸ್ಪತ್ರೆಯ ಅಡಿಯಲ್ಲಿ,
ಬಟ್ಟೆ ಒಗೆಯುವ ಯಂತ್ರಗಳ ಪಕ್ಕ,
ಕ್ಲಾಕ್ಸ್‌ವೀಕಿನ ನೆನಪೆಲ್ಲ ಇಲ್ಲಿದೆ:

ಎದೆಯ ಚಿತ್ರ, ರಕ್ತದ ಲೆಕ್ಕ, ಹೆರಿಗೆಯ ಹೊತ್ತು,
ಮೀನುಗಾರರ ಮುರಿದ ಮೊಣಕೈ, ಮಣಿಕಟ್ಟು.
ಹಗಲಿಡೀ ಮೇಲಿನ ಮಹಡಿಗಳು ಬರೆಯುತ್ತವೆ;
ರಾತ್ರಿ ಇವಳು ಎಲ್ಲರ ಬಾಗಿಲು ತಟ್ಟಿ
ಒಂದೊಂದು ಪ್ರತಿ ಎತ್ತಿ ಟೇಪಿಗೆ ಸುತ್ತುತ್ತಾಳೆ.
ಇವಳು ಅಂದೆನೆ? ಹದಿನಾರು ವರ್ಷ ಜೊತೆಗಿದ್ದರೆ ಹಾಗೇ.

ಮಾರ್ಚಿನ ಕಥೆ ನಿನಗೆ ಯಾರೂ ಹೇಳಿರಲಾರರು.
ಅದರಲ್ಲಿ ನನ್ನ ತಪ್ಪಿದೆ.
ಊರಿಗೆಲ್ಲ ನಕಲು ಮಾಡಿಟ್ಟವಳ ಸ್ವಂತ ಪಟ್ಟಿ,
ಯಾರ ಕಡತ ಯಾವ ಟೇಪಿನ ಎಷ್ಟನೇ ಮೊಳದಲ್ಲಿ ಎಂಬ ಪಟ್ಟಿ,
ಒಂದೇ ಡಿಸ್ಕಿನಲ್ಲಿತ್ತು.
ದೀಪದ ಬುಡದ ಕತ್ತಲೆಗೆ ಬತ್ತಿ ಹಚ್ಚುವವರು ಯಾರು?
ಡಿಸ್ಕು ಸತ್ತಿತು. ಸದ್ದು ದೊಡ್ಡದೇನಲ್ಲ:
ಒಣ ಬ್ರೆಡ್ಡಿನ ಅಂಚನ್ನು ಯಾರೋ ಕಚ್ಚಿದ ಹಾಗೆ, ಎರಡು ಸಲ.

ಮುನ್ನೂರ ಹನ್ನೆರಡು ಟೇಪು, ಒಂದಕ್ಕೂ ಗೀರಿಲ್ಲ.
ಎಲ್ಲ ಇತ್ತು ಸೀಮುನ್. ಎಲ್ಲಿದೆ ಎಂಬುದಿರಲಿಲ್ಲ.
ಮೇಲಿಂದ ಡಾಕ್ಟರ್ ಮಾರ್ಯುನ್ ಇಳಿದು ಬಂದಳು:
ದೋಣಿ ಕಟ್ಟುವ ಯಾಕುಪನ ಹಳೆಯ ಎದೆಚಿತ್ರ ಬೇಕು,
ಈ ಚುಕ್ಕೆ ಹೊಸದೋ, ಮೊದಲಿಂದ ಇದ್ದದ್ದೋ?
ಅಷ್ಟು ಹಳೆಯವು ಟೇಪಿನಲ್ಲಷ್ಟೇ ಇರುತ್ತವೆ.
ಇದೆ, ಅಂದೆ.
ಕೊಡು, ಅಂದಳು.
ನಾನು ಗೋಡೆಗೋಡೆಯ ಕಪಾಟಿನತ್ತ ಕೈ ತೋರಿಸಿದೆ.

ಹನ್ನೊಂದು ರಾತ್ರಿ. ಒಂದೊಂದೇ ಟೇಪನ್ನು ತಲೆಯಿಂದ ಬಾಲದವರೆಗೆ ಓದಿಸಿ
ಪಟ್ಟಿಯನ್ನು ಮತ್ತೆ ಹೆಣೆದೆ,
ಬಿಚ್ಚಿದ ಸ್ವೆಟರಿನ ಉಣ್ಣೆಯಂತೆ ಸೊಟ್ಟಸೊಟ್ಟ.
ಚುಕ್ಕೆ ಹಳೆಯದು. ಯಾಕುಪ್ ಈಗಲೂ ಹಲಗೆಗೆ ಟಾರು ಬಳಿಯುತ್ತಾನೆ,
ಎದುರು ಸಿಕ್ಕರೆ ಟೊಪ್ಪಿ ಎತ್ತುತ್ತಾನೆ.
ಆ ಹನ್ನೊಂದು ರಾತ್ರಿ ಅವನೂ ಮಲಗಿರಲಿಲ್ಲವೆಂದು
ಬೇಕರಿಯ ಸಾಲಿನಲ್ಲಿ ಅವನ ಹೆಂಡತಿ ಹೇಳಿದಳು. ಬೈದದ್ದಲ್ಲ. ಹೇಳಿದ್ದು.

ಈಗ ನೋಡು, ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ.
ಕನ್ನಡಿಯೊಳಗಿನ ಗಂಟು ಇಲ್ಲಿ ಮಾತ್ರ ಕೈಗೆ ಸಿಗುತ್ತದೆ:
ಒಂದು ಸತ್ತರೆ ಇನ್ನೊಂದರಿಂದ ಬಿಚ್ಚಿಕೋ.
ಆದರೆ ಕನ್ನಡಿಯನ್ನು ನಂಬಿ ಕೂರಬೇಡ.
ನೀನು ತಪ್ಪಿ ಅಳಿಸಿದರೆ ಅದೂ ಅಳಿಸುತ್ತದೆ,
ಅದೇ ಕ್ಷಣ, ಎದುರಾಡದೆ.
ಕನ್ನಡಿಗೆ ನಿನ್ನೆ ಎಂಬುದಿಲ್ಲ.

ಅದಕ್ಕೇ ರಾತ್ರಿಯ ಕೆಲಸವೆಲ್ಲ ಮುಗಿದ ಮೇಲೆ, ಮೊದಲಲ್ಲ,
ಪಟ್ಟಿಯನ್ನೇ ಒಂದು ಟೇಪಿಗೆ ಬರೆಸು. ಅದಕ್ಕೆ ಹಳದಿ ಚೀಟಿ.
ಶುಕ್ರವಾರ ಅದು ಕಡಲಡಿಯ ಸುರಂಗ ದಾಟಿ ಲೈರ್ವೀಕಿಗೆ ಹೋಗುತ್ತದೆ,
ಔಷಧದ ವ್ಯಾನಿನಲ್ಲಿ, ಇನ್ಸುಲಿನ್ ಡಬ್ಬಿಗಳ ಜೊತೆ.
ಗುಪ್ತಪದ ಕಾಗದದ ಮೇಲೆ; ಬೇರೆ ಲಕೋಟೆ, ಬೇರೆ ಕಪಾಟು.
ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆ ಮುಚ್ಚಿದವರು
ನಾನೊಬ್ಬಳೇ ಅಲ್ಲ. ನಾನೂ ಒಬ್ಬಳು.

ತಿಂಗಳಿಗೊಮ್ಮೆ, ಈ ಕೋಣೆ ಸುಟ್ಟುಹೋಯಿತು ಅಂದುಕೋ.
ಆ ಮೂಲೆಯ ಖಾಲಿ ಯಂತ್ರ, ಹಳದಿ ಟೇಪು, ಲಕೋಟೆ, ಅಷ್ಟೇ.
ಯಾಕುಪನ ಚಿತ್ರ ತೆಗೆದು ನೋಡು.
ಅವನನ್ನು ಕೇಳಿದ್ದೇನೆ, ನೋಡಿಕೊಳ್ಳಲಿ ಬಿಡಿ ಅಂದಿದ್ದಾನೆ.
ತೆರೆಯಿತೋ, ಪ್ರತಿಯಿದೆ.
ಇಲ್ಲವೋ, ಇದ್ದದ್ದು ಬರೀ ಪ್ಲಾಸ್ಟಿಕ್ಕು.

ಸೋಮವಾರ ತೋರ್ಸ್‌ಹಾವ್ನದಲ್ಲಿ ನನ್ನ ಮಂಡಿ ಕೊಯ್ಯುತ್ತಾರೆ.
ಬರೆದಿಟ್ಟದ್ದು ಅಲ್ಲಿಷ್ಟು, ಇಲ್ಲಿಷ್ಟು;
ಉಳಿದದ್ದು ಈ ನರೆತ ತಲೆಯಲ್ಲಿ. ಅದೂ ಒಂಟಿ ಡಿಸ್ಕೇ.
ಕಾಫಿ ಕುಡಿದೆಯಾ? ಸರಿ.
ಈಗ ನೀನು ಹೇಳು, ನಾನು ಕೇಳುತ್ತೇನೆ.
ಮೊದಲಿನಿಂದ.