ಬಾಡಗಿ ಸೈಕಲ್ಲಿನ ವಹಿ

ಭಜಿ ಕಟ್ಟಿಕೊಟ್ಟ ಹಾಳಿ ಮ್ಯಾಲ
ಎಣ್ಣಿ ಹೀರಿದ ಒಂದು ಸಾಲು ಇತ್ತು:
"ನಂಬರ್ ಏಳು. ಧೂಳಪ್ಪ, ಕುಂಬಾರಗೇರಿ.
ಹೊತ್ತು ಮುಳುಗೂತನ. ಬ್ರೇಕಿಲ್ಲ, ಹೇಳಿ ಕೊಟ್ಟೀನಿ."

ಭಜಿ ತಣ್ಣಗಾಯ್ತು.
ಹೊಳ್ಳಿ ಹೋಗಿ
ಒಲಿ ಬಾಜೂಕಿನ ರದ್ದಿ ಗಂಟು ಬಿಚ್ಚಿಸಿದೆ.
ದಸ್ತಗೀರಸಾಬರ ಸೈಕಲ್ ದುಕಾನದ ಹನ್ನೊಂದು ವಹಿ.
ಹನ್ನೆರಡನೇದು ಆಗಲೇ
ಊರ ಹೊಟ್ಟಿ ಸೇರಿತ್ತು.

ಕಿಲೋಕ್ಕ ಹದಿನಾಕರಂಗ ತೂಗಿಸಿ ತಗೊಂಡೆ.
ನಾಕು ಕಿಲೋ ಮ್ಯಾಲ ಒಂದು ಪಾವು
ನಮ್ಮ ಚಿಟಗುಪ್ಪ.

ಕೋಟಿ ಕಟ್ಟಿದವರದು ಬೀದರದಾಗ ಅದ,
ಬೋರ್ಡಿನ ಮ್ಯಾಲ ಅದ, ಮೂರು ಭಾಷಾದಾಗ ಅದ.
ನಮ್ಮೂರಿಂದು ತಾಸಿಗೆ ಇಪ್ಪತ್ತು ಪೈಸೆ,
ಗಾಳಿ ಮೊದಲೇ ನೋಡ್ಕೋಬೇಕು.

ಅಂಕಿ ಉರ್ದುದಾಗ, ಹೆಸರು ಕನ್ನಡದಾಗ,
ಬೈಗುಳ ಮರಾಠಿಯೊಳಗ.
ಲೆಕ್ಕ ಸಾಬರದು. ಹೆಸರು ಬರೀತಿದ್ದವ ಪೀರಪ್ಪ.
ಬೈಗುಳ ಯಾರವೋ ಇನ್ನ ಪತ್ತೆ ಹತ್ತಿಲ್ಲ.

ಶಾಲಿ ಬಿಟ್ಟ ಮ್ಯಾಲ
ಹಳೇ ದವಾಖಾನಿ ಕಟ್ಟಿಗೆ ಕುಂತು
ದಿನಾ ಒಂದು ಪುಟ ಗಟ್ಟಿಯಾಗಿ ಓದಿದೆ.
ಮೊದಲ ದಿನ ಮೂರು ಮಂದಿ, ಒಂದು ಆಡು.
ಎಂಟನೇ ದಿನಕ್ಕ ಚಾದ ಗಾಡಿಯವ
ತನ್ನ ಗಾಡಿನೇ ಇತ್ತ ತಂದು ನಿಂದ್ರಿಸಿದ.

"ನಂಬರ್ ಮೂರು. ಗುಂಡೇರಾವ್ ಮಾಸ್ತರ್.
ಸೂಲಗಿತ್ತಿ ಕರೀಲಾಕ. ದೀಪ ನಮ್ಮದೇ ಕೊಟ್ಟೀವಿ."
ಹಿಂದ ನಿಂತಿದ್ದ ಹೆಣ್ಣಮಗಳು, ತಲಿ ಅರ್ಧ ನೆರೆತಾಕಿ,
"ತಾರೀಖು ಏನದ?" ಅಂದಳು.
ಹೇಳಿದೆ.
"ಆ ರಾತ್ರಿ ಹುಟ್ಟಿದಾಕಿ ನಾನೇ" ಅಂದು
ಎಲ್ಲಾರಿಗೂ ಚಾ ಹೇಳಿದಳು.

ಒಬ್ಬಾತ ಬಂದು
ಅಪ್ಪನ ಹೆಸರಿಲೆ ಉಳಿದ ಅರವತ್ತು ಪೈಸೆ ಬಾಕಿಗೆ
ಹತ್ತರ ನೋಟು ವಹಿದಾಗಿಟ್ಟ.
ಚಿಲ್ಲರ ನನ್ನ ಹಂತೇಲಿ ಇರಲಿಲ್ಲ,
ಅವಗ ಬೇಕೂ ಇರಲಿಲ್ಲ.
ಇನ್ನೊಬ್ಬಾತ, ಈಗ ದೊಡ್ಡ ಮನಷ್ಯಾ,
ರಾತ್ರಿ ಮನಿಗೇ ಬಂದ:
"ಅಕ್ಕೋರೆ, ನಲವತ್ತೆರಡನೇ ಪುಟ ಹಾರಿಸಿಬಿಡ್ರಿ."
ಕದಾ ಹಾಕಿ ನೋಡಿದೆ.
ಒಂದು ಗಂಟಿ ಕದ್ದಿದ್ದ. ಸೈಕಲ್ ಗಂಟಿ.
ಹನ್ನೆರಡು ವರ್ಷದ ಪೋರ.
ಓದಲಿಲ್ಲ. ಹರೀಲೂ ಇಲ್ಲ.
ಪುಟದ ಮೂಲಿ ಮಡಚಿಟ್ಟೀನಿ,
ಅವನ ಮೊಮ್ಮಕ್ಕಳು ಬಿಚ್ಚಲಿ, ನಗಲಿ.

ಈಗ ಊರಾಗ ಯಾರೂ
ಭಜಿ ಹಾಳಿ ಓದದೆ ಒಗೆಯೂದಿಲ್ಲ.
ಹನ್ನೆರಡನೇ ವಹಿಯ ಒಂದೂವರಿ ಪುಟ
ಹಂಗೇ ಸಿಕ್ಕಾವ, ಮೆಣಸಿನಕಾಯಿ ವಾಸನಿ ಸಮೇತ.

ನನ್ನ ನಿದ್ದಿ ಕೆಡಿಸಿದ್ದು ಬ್ಯಾರೇ ಸಾಲು.
ಐದು ವರ್ಷ, ಪ್ರತಿ ಶುಕ್ರವಾರ, ದಿನದ ಮೊದಲ ಬಾಡಗಿ:
"ನಂಬರ್ ಹನ್ನೆರಡು. ಸೂಗಪ್ಪ. ಒಂದು ತಾಸು. ನಗದು."
ಓಣಿ ಇಲ್ಲ, ಅಡ್ಡಹೆಸರಿಲ್ಲ, ಒಮ್ಮೆರೆ ತಡಾ ಇಲ್ಲ.
ಯಾವ ಸೂಗಪ್ಪ? ಕಟ್ಟಿ ಮ್ಯಾಲ ಕೇಳಿದೆ.
ಗೌಂಡಿ ಸೂಗಪ್ಪಗ ಸೈಕಲ್ಲೇ ಬರ್ತಿರಲಿಲ್ಲ.
ಗಿರಣಿ ಸೂಗಪ್ಪಗ ಸ್ವಂತದ್ದಿತ್ತು.
ಮೂರನೆಯವ ಆ ವಹಿ ಹೊಲಿಯೂದಕ್ಕೂ ಮೊದಲೇ
ಮಣ್ಣು ಸೇರಿದ್ದ.

ನಾಕು ದಿನ ಬಿಟ್ಟು, ಎಲ್ಲಾರೂ ಎದ್ದು ಹೋದ ಹೊತ್ತಿಗೆ
ಎಲಿ ಮಾರೂ ಸೂಗಮ್ಮ
ಬುಟ್ಟಿ ಇಳಿಸಿ ಬಾಜೂಕ ಕುಂತಳು.
ಭಾಳ ಹೊತ್ತು ಎಲಿ ಒರೆಸಿದಳು.
"ಸಾಬ್ರು ನಮಾಜ್ ಮುಗಿಸಿ ಬಾಗಿಲ ತೆಗೆಯೂದೇ ತಡ,
ಹಿಂದಿನ ಸಂದಿಯಿಂದ ಹೊಡಕೊಂಡು ಹೋಗ್ತಿದ್ದೆ.
'ಹೆಸರು ಬ್ಯಾಡ ಬೇಟಿ, ಊರ ಬಾಯಿ ಕೆಟ್ಟದ್ದು' ಅಂದ್ರು.
ಪೀರಪ್ಪ ನಕ್ಕು, ತನಗ ತಿಳಿದಂಗ ಬರದ."

ಎಲ್ಲಿಗೆ ಹೋಗ್ತಿದ್ದಿ?

"ಎಲ್ಲಿಗೂ ಇಲ್ಲ.
ಹಳ್ಳದ ದಾರಿ ಹಿಡಿದು ಹೋಗೂದು,
ಹೊಳ್ಳಿ ಬರೂದು."

ಪೆನ್ನು ತೆಗೆದೆ. ತಿದ್ದಲೇನು?
"ಹೊಡದ ಹಾಕಬ್ಯಾಡ. ಪಾಪ, ಆ ಸೂಗಪ್ಪನೂ ಇದ್ದ.
ಬಾಜೂಕ ಬರಿ ನಂದು.
ನಾಳಿ ಓದು, ಸ್ವಲ್ಪ ಗಟ್ಟಿಯಾಗಿ ಓದು ಮತ್ತ,
ನನಗ ಈಗ ಕಿವಿ ಕಮ್ಮಿ."