ಹೇಳಿಕೊಟ್ಟ ಮಾತು

ಮಸ್ಕತ್ತಿನ ದಾರ್ಸೈತ್, ಶಾಲೆಯ ಸಭಾಂಗಣ, ಶುಕ್ರವಾರ ರಾತ್ರಿ.
ಎಡಬದಿಯ ಪರದೆಯ ಹಿಂದೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ
ಮೊಣಕಾಲಿಗೆ ಟಾರ್ಚು ಆನಿಸಿ ಕುಳಿತವನು ನಾನು,
ಪ್ರಾಂಪ್ಟರ್.
ಎಲ್ಲರ ಮಾತೂ ನನ್ನ ತೊಡೆಯ ಮೇಲೆ,
ನನ್ನದೆಂಬ ಮಾತು ಒಂದೂ ಇಲ್ಲ.

ನಾಟಕ ಬರೆದ ಮೇಷ್ಟ್ರು ಕಡಲು ದಾಟಿದವರಲ್ಲ.
ಹೆಬ್ರಿಯಲ್ಲಿ ಕರಿಹಲಗೆಗೆ ಬೆನ್ನು ಕೊಟ್ಟು
ಮೂವತ್ತು ವರ್ಷ ವ್ಯಾಕರಣ ಅರೆದವರು.
ಬೈಯುವುದಿದ್ದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಬೈಯಬೇಕು ಎನ್ನುತ್ತಿದ್ದರಂತೆ.
ಅದಕ್ಕೇ ಅವರ ನಾಟಕದಲ್ಲಿ ಬೈಗುಳವೇ ಇಲ್ಲ.
ಸೈನಿಕರ ಸಂಬಳ ನುಂಗಿದ ಅರಸನ ಮುಂದೆ
ಹೊಗಳುಭಟ ಕೈಮುಗಿದು ಹೇಳುತ್ತಾನೆ:
"ಪ್ರಭೂ, ನಿಮ್ಮ ದಂಡಿಗೆ ಅಜೀರ್ಣವೆಂಬುದೇ ಗೊತ್ತಿಲ್ಲ.
ಕುದುರೆಗಳಂತೂ ಎಷ್ಟು ಹಗುರ!
ಗಾಳಿ ಬೀಸಿದರೆ ಸಾಕು, ಶತ್ರುವಿನ ಮೇಲೆ ಹಾರಿ ಬೀಳುತ್ತವೆ."
ಅಲಂಕಾರದ ಪುಸ್ತಕದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂದು ಹೆಸರು.
ನಮ್ಮ ಮ್ಯಾನೇಜರ್ ಜಗನ್ನಿವಾಸ ರಾಯರು
ಹಸ್ತಪ್ರತಿ ತಿರುವಿ, ಕನ್ನಡಕ ಒರೆಸಿ,
"ಆಕ್ಷೇಪಣೆಯದ್ದೇನೂ ಇಲ್ಲ, ಬರೀ ಹೊಗಳಿಕೆ"
ಎಂದು ರುಜು ಹಾಕಿದರು.
ಮೇಷ್ಟ್ರು ಮೊದಲು ಗೆದ್ದದ್ದು ಅಲ್ಲಿ.

ಹೊಗಳುಭಟನ ಪಾತ್ರ ರಾಯರೇ ಬೇಡಿ ಪಡೆದರು.
ಅರಸ, ದೂಮಪ್ಪ.
ನಮ್ಮದೇ ಕಂಪನಿ; ಏಸಿ ಡಕ್ಟಿನೊಳಗೆ
ಉಡದ ಹಾಗೆ ತೆವಳುವವನು.
ಎತ್ತರದ ಆಳು, ಗಂಟಲಲ್ಲಿ ಚೆಂಡೆ.
ಅವನಿಗೆ ಮೂರು ತಿಂಗಳಿಂದ ಸಂಬಳವಿಲ್ಲ.
ಘಾಲಾದ ಕ್ಯಾಂಪಿನಿಂದ ಎರಡು ಬಸ್ಸು ಜನ ಬಂದಿದ್ದರು.
ಅವರಿಗೂ ಇಲ್ಲ.

ರಾಯರು ನಡು ಬಗ್ಗಿಸಿ "ಪ್ರಭೂ, ನಿಮ್ಮ ದಂಡಿಗೆ" ಎನ್ನುತ್ತಿದ್ದಂತೆ
ಹಿಂದಿನ ಸಾಲುಗಳಲ್ಲಿ ನಗು ಹೊತ್ತಿಕೊಂಡಿತು.
ತಮ್ಮ ಅಭಿನಯಕ್ಕೆಂದು ತಿಳಿದು ಅವರು ಇನ್ನಷ್ಟು ಬಗ್ಗಿದರು.
ಹೆಬ್ರಿಯಲ್ಲಿ ವಿಳಾಸವಿಲ್ಲದೆ ಅಂಚೆಗೆ ಬಿದ್ದದ್ದು
ನಲವತ್ತು ವರ್ಷ ಅಲೆದು
ಸರಿಯಾದ ಬಾಗಿಲಿಗೇ ಬಂದು ನಿಂತಿತ್ತು.
ಬಾಗಿಲು ತೆರೆದವರಿಗೆ ಮಾತ್ರ ಓದಲು ಬರುತ್ತಿರಲಿಲ್ಲ.

ಈಗ ಅರಸನ ಉತ್ತರ.
ದೂಮಪ್ಪ ಬಾಯಿ ತೆರೆದ. ಮುಚ್ಚಿದ.
ಕಿರೀಟ ನನ್ನತ್ತ ತಿರುಗಿತು.
ಸಾಲಿನ ಮೇಲೆ ನನ್ನ ಬೆರಳಿತ್ತು, ನಾಲಗೆ ಏಳಲಿಲ್ಲ,
ಏಕೆಂದರೆ ಹಗಲು ಹೊತ್ತು ನಾನು ಲೆಕ್ಕಪತ್ರದವನು.
ಸಂಬಳದ ಪಟ್ಟಿಯಲ್ಲಿ ಅವನ ಹೆಸರಿನೆದುರು
'ತಡೆ' ಎಂದು ಟೈಪು ಮಾಡಿದ್ದು ಈ ಬೆರಳೇ.
ಕೊನೆಗೆ ಪಿಸುಗುಟ್ಟಿದೆ:
"ತಾಳಿರಿ, ಮುಂದಿನ ತಿಂಗಳು ಕೊಡೋಣ."
ಪರದೆಗೆ ಸಿಕ್ಕಿಸಿದ್ದ ಮೈಕು ಅದನ್ನು ಹಿಡಿದು
ನಾಲ್ಕೂ ಸ್ಪೀಕರುಗಳಿಗೆ ಹಂಚಿತು.

ಒಂದು ಗಳಿಗೆ ಏಸಿಯ ಸದ್ದು ಮಾತ್ರ.
ಆಮೇಲೆ ಎರಡು ಬಸ್ಸಿನ ಜನ ಕುರ್ಚಿ ಬಡಿದರು,
ಶಿಳ್ಳೆ ಹೊಡೆದರು, ಯಾರೋ ಅತ್ತರು ಕೂಡ.

ರಾಯರ ಮುಖ ಕಪ್ಪಿಟ್ಟಿತು,
ಭಾನುವಾರವೇ ಬಾಕಿ ಚುಕ್ತಾ ಆಯಿತು ಎಂದು ಬರೆದರೆ ಚೆಂದ.
ಹಾಗೇನೂ ಆಗಲಿಲ್ಲ.
ಬಣ್ಣದ ಕೋಣೆಯಲ್ಲಿ ಅವರು ಅರಸನನ್ನು ತಬ್ಬಿ
"ಎಂಥ ಟೈಮಿಂಗ್ ಮಾರಾಯ!
ಮುಂದಿನ ವರ್ಷವೂ ನೀನೇ ರಾಜ" ಎಂದರು.
ಕೊಂಕಿನ ಕಷ್ಟ ಇದು:
ಬರೆಯುವವನು ಬಾಣ ಬಿಡುತ್ತಾನೆ,
ಗುರಿ ಎದ್ದು ಬಂದು ಕೈ ಕುಲುಕುತ್ತದೆ.

ಹೊರಗೆ ಬೋಳು ಗುಡ್ಡಗಳು
ಹಗಲು ನುಂಗಿದ ಬಿಸಿಯನ್ನು ಇನ್ನೂ ಕಾರುತ್ತಿದ್ದವು.
ಬಸ್ಸಿನ ಬಳಿ ದೂಮಪ್ಪ ಮೀಸೆ ಕೀಳುತ್ತಿದ್ದ.
ಅರ್ಧ ಬಂದಿತ್ತು, ಅರ್ಧಕ್ಕೆ ಅಂಟು ಬಿಟ್ಟಿರಲಿಲ್ಲ.
"ತೆಂಗಿನೆಣ್ಣೆ ಹಚ್ಚು" ಎಂದೆ.
ಮತ್ತೇನೋ ಹೇಳಬೇಕಿತ್ತು; ಹೇಳಿದ್ದು ಇಷ್ಟು:
"ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ, ಎಷ್ಟು ಹೊತ್ತು, ಅಲ್ಲವಾ?
ರಿಹರ್ಸಲಿನಲ್ಲಿ ಒಮ್ಮೆಯೂ ತಪ್ಪದ್ದು
ಇವತ್ತು ಹೇಗೆ ಮರೆತೆ?"

ಅರ್ಧ ಮೀಸೆಯಲ್ಲೇ ಮೆಟ್ಟಿಲು ಹತ್ತುತ್ತಾ ಅವನು
"ಮರೆತದ್ದು ಯಾರು ಸಾರ್?
ಎಲ್ಲರಿಗೂ ಒಮ್ಮೆ
ನಿಮ್ಮ ದನಿಯಲ್ಲೇ ಕೇಳಿಸಬೇಕಿತ್ತು" ಎಂದ.