ಗೋಡೆಯಾಚೆ ನೆರಿಸ್ ಮಲಗಿದ್ದಾಳೆ

ಚೀಟಿ ಬಂದದ್ದು ಮಂಗಳವಾರ, ಬಾಗಿಲ ಸೀಳಿನಿಂದ,
ಗ್ಯಾಸಿನ ಬಿಲ್ಲಿಗೆ ಅಂಟಿಕೊಂಡ ಅರ್ಧ ಹಾಳೆ:
"ಎಮ್ಲಿನ್, ಬ್ರೆಡ್ ಕಾರ್ಖಾನೆಯಲ್ಲಿ ನನಗೆ ರಾತ್ರಿಪಾಳಿ.
ಹಗಲೇ ನನ್ನ ನಡುರಾತ್ರಿ. ಆ ಠಣ್ ಠಣ್ ಒಂದಿಷ್ಟು..."
ಮುಂದಕ್ಕೆ ಮೂರು ಚುಕ್ಕಿ, ಅಷ್ಟೆ.
ಬೈದಿದ್ದರೆ ತಿರುಗಿ ಬೈಯಬಹುದಿತ್ತು.
ಚುಕ್ಕಿಗಳ ಜೊತೆ ಹೇಗೆ ಜಗಳವಾಡಲಿ?

ನಮ್ಮ ಬೀದಿಯ ಮನೆಗಳು ಚಳಿಗೆ ಒತ್ತಿ ಕೂತ ಮಕ್ಕಳ ಹಾಗೆ,
ಭುಜಕ್ಕೆ ಭುಜ.
ಒಂದನೆಯ ಮನೆಯಲ್ಲಿ ಸೀನಿದರೆ ನಾಲ್ಕನೆಯದರಲ್ಲಿ ಚಹಾ ತುಳುಕುತ್ತದೆ.
ಹಿತ್ತಲು ಹನ್ನೆರಡು ಗಜ, ಆಮೇಲೆ ಕಲ್ಲುಗೋಡೆ,
ಆಮೇಲೆ ಹುಲ್ಲು ಹೊದ್ದು ಮಲಗಿದ ಕಲ್ಲಿದ್ದಲ ಗುಡ್ಡ,
ಆಮೇಲೆ ಆಕಾಶ, ಅದೂ ವಾರಕ್ಕೆರಡು ಸಲ.

ಮೊದಲು ಕೋವಿಯ ಬಾಯಿ ಕಟ್ಟಿದೆ.
ನಲವತ್ತು ಪೌಂಡಿನ ಸೈಲೆನ್ಸರು.
ಇಳಿದದ್ದು ಜೇಬು; ಸದ್ದು ಇದ್ದಲ್ಲೇ ಇತ್ತು.
ದುಡ್ಡು ಎಣಿಸಿಕೊಂಡ ಮೇಲೆ ಅಂಗಡಿಯ ಇದ್ರಿಸ್ ಹೇಳಿದ:
"ಸ್ಪ್ರಿಂಗಿನ ಕೋವಿ ಮಾರಾಯ, ಇದಕ್ಕೆ ಗದ್ದಲವೆಲ್ಲ ಎದೆಯೊಳಗೆ."
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರ ಗಾದೆ
ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಪಾಪ, ಅವನೇ ಬಿಚ್ಚಿದ. ಡಾಂಬರಿನಂಥ ಗ್ರೀಸು ಸವರಿದ.
ಝಿಂಯ್ ಎಂದು ಕಿರುಚುತ್ತಿದ್ದದ್ದು ಈಗ ಧಪ್ ಎಂದಿತು,
ಮುದುಕನೊಬ್ಬ ಸೋಫಾದಲ್ಲಿ ಕುಸಿದ ಹಾಗೆ.

ಆದರೂ ಠಣ್ ಉಳಿಯಿತು.
ಉಳಿಯದೆ ಏನು? ಗುಂಡು ಹೋಗಿ ಬಡಿಯುತ್ತಿದ್ದದ್ದು
ಕ್ರಿಸ್‌ಮಸ್ ಬಿಸ್ಕೆಟ್ಟಿನ ತಗಡಿನ ಡಬ್ಬಿಗೆ, ಅದರ ಬೆನ್ನಿಗೆ
ಮಾಡಿನಿಂದ ಜಾರಿದ ಸ್ಲೇಟು ಕಲ್ಲಿಗೆ.
ಹದಿನೈದು ವರ್ಷ ಕೋವಿಯನ್ನೇ ಅನುಮಾನಿಸಿದ್ದೆ.

ಕೊಳಾಯಿಯವರ ಬೂದು ಮೇಣ ನಾಲ್ಕು ಸೇರು ತಂದೆ.
ಮೊಣಕೈವರೆಗೆ ತೋಳು ಮಡಚಿ ನಾದಿದೆ,
ನೆರಿಸ್ ರಾತ್ರಿಯೆಲ್ಲ ನಾದುವುದೂ ಹೀಗೇ ಇರಬಹುದು ಅಂದುಕೊಳ್ಳುತ್ತ.
ಡಬ್ಬಿಯ ತುಂಬ ಒತ್ತಿದೆ. ಹಿಂದೆ, ಬಾಗಿಲು ಮುಚ್ಚಿದ ಚಾಪೆಲ್ಲಿನ
ಕೆಂಪು ಕಾರ್ಪೆಟ್ಟು ಎರಡು ಮಡಿಕೆ.
ಗುಂಡು ಈಗ ಹೋಗಿ ಸುಮ್ಮನೆ ಕೂರುತ್ತದೆ,
ಹಿಟ್ಟಿನೊಳಗಿನ ಒಣದ್ರಾಕ್ಷಿ.

ಆದರೆ ನನಗೆ ಮಾತ್ರ ಅಷ್ಟೇ ಸದ್ದು!
ಕೆನ್ನೆಯ ಮೂಳೆ ಮರಕ್ಕೆ ಒರಗಿರುತ್ತದಲ್ಲ,
ಧಪ್ ಎನ್ನುವುದು ಹಲ್ಲಿನಿಂದ ಹಲ್ಲಿಗೆ ಹತ್ತಿ
ತಲೆಬುರುಡೆಯಲ್ಲಿ ಪಾಳಿ ಬದಲಿಸುತ್ತದೆ.
ಹೊಡೆಯುವವನ ಕಿವಿ ಸಾಕ್ಷಿಗೆ ಬಾರದು.

ಹಾಗಾಗಿ ಶನಿವಾರ, ಇದ್ರಿಸನ ಕೈಗೆ ಕೋವಿ ಕೊಟ್ಟು
ಅವಳ ಅಡುಗೆಮನೆಗೆ ಹೋಗಿ ಕೂತೆ.
ನೋಡಿದರೆ ನನ್ನದೇ ಅಡುಗೆಮನೆ, ಕನ್ನಡಿಯಲ್ಲಿ:
ಒಲೆ ಆ ಕಡೆ, ಸಿಂಕು ಈ ಕಡೆ.
ಫ್ರಿಜ್ಜು ಗುಂಯ್‌ಗುಟ್ಟಿತು. ಗಡಿಯಾರ ನಡೆಯಿತು.
"ಶುರು ಮಾಡಲಿ," ಎಂದೆ.
"ಮುಗಿಯಿತು ಅನಿಸುತ್ತೆ," ಎಂದಳು. ಕಿಟಕಿಯಲ್ಲಿ ಇದ್ರಿಸ್
ಹತ್ತು ಬೆರಳು ಎತ್ತಿ ತೋರಿಸುತ್ತಿದ್ದ.
ಬಟ್ಟೆಯ ಮೇಲೆ ಯಾರೋ ಬಟ್ಟಲಿಟ್ಟಷ್ಟೂ ಕೇಳಿಸಿರಲಿಲ್ಲ.

ನಾನು ಉಬ್ಬಿ ಎದ್ದೆ.
ಅವಳು ಸಕ್ಕರೆ ಕದಡುತ್ತ, ಚಮಚ ನೋಡುತ್ತ,
"ಇನ್ನೊಂದು ಸದ್ದಿದೆ. ಇವತ್ತು ಬರಲಿಲ್ಲ."
"ಯಾವುದು?"
"ಗುರಿ ತಪ್ಪಿದಾಗೆಲ್ಲ ನೀನು ಬೈಯುವುದು.
ನಮ್ಮ ವೆಲ್ಷ್ ಭಾಷೆಯಲ್ಲೇ. ನಮ್ಮಜ್ಜಿಗೂ ತಿಳಿಯದ ಮಾತುಗಳು.
ಠಣ್‌ಗೆ ಎಚ್ಚರವಾಗುತ್ತಿತ್ತು, ನಿಜ.
ನಿದ್ದೆ ಪೂರಾ ಹಾರುತ್ತಿದ್ದದ್ದು ಆಮೇಲೆ."

ಅದಕ್ಕೆ ಯಾವ ಮೇಣ? ಎಲ್ಲಿ ಒತ್ತಲಿ?

ಈಗ ನಾಲಿಗೆಯಡಿ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಹೊಡೆಯುತ್ತೇನೆ.
ಗುಂಡು ಎಡಕ್ಕೇ ಎಳೆಯುತ್ತದೆ, ಮೊದಲಿನಂತೆ.
ನುಂಗುತ್ತೇನೆ. ಮತ್ತೆ ಮಡಚಿ, ಮತ್ತೆ ತುಂಬಿ,
ಗುಡ್ಡದ ಕಡೆಯಿಂದ ಗಾಳಿ ಬೀಳುವವರೆಗೆ ಕಾಯುತ್ತೇನೆ.

ನಾಲ್ಕು ಗಂಟೆ. ಗೋಡೆಯಾಚೆ
ಕೆಟಲ್ಲಿನ ಸ್ವಿಚ್ಚು: ಟಕ್.
ಎದ್ದಳು.

ಇನ್ನು ಬೈಯಬಹುದು.